ಗಿಟ್ 3.0 ಬಂದರೆ ನಿಮ್ಮ ಹಳೆಯ ರೆಪೊಗೆ ಏನಾಗುತ್ತದೆ?

ಪರದೆಯ ಮೇಲೆ: ಪಕ್ಕಪಕ್ಕದಲ್ಲಿ ಎರಡು ಟರ್ಮಿನಲ್. ಎರಡೂ ಒಂದೇ ಫೋಲ್ಡರಿನಲ್ಲಿ.

ನಮಸ್ಕಾರ. ಗಿಟ್ ಅಂದರೆ ಕೋಡ್‌ನಲ್ಲಿ ಆದ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಪ್ರೋಗ್ರಾಂ. ಎಡಗಡೆಯ ಟರ್ಮಿನಲ್‌ನಲ್ಲಿ ಹೊಸ ಗಿಟ್ ಇದೆ. ಬಲಗಡೆ ಇರುವುದು ನಾಲ್ಕೈದು ವರ್ಷ ಹಳೆಯ ಗಿಟ್. ರೆಪೊ, ಅಂದರೆ ಕೋಡ್ ಮತ್ತು ಅದರ ಇತಿಹಾಸ ಇರುವ ಫೋಲ್ಡರ್, ಮಾತ್ರ ಒಂದೇ. ಎಡಗಡೆ 'ಗಿಟ್ ಸ್ಟೇಟಸ್' ಹೊಡೆಯುತ್ತೇನೆ. ಎಲ್ಲ ಸರಿಯಿದೆ ಅನ್ನುತ್ತದೆ. ಈಗ ಬಲಗಡೆ ಅದನ್ನೇ ಹೊಡೆಯುತ್ತೇನೆ ನೋಡಿ. 'ಫೇಟಲ್' ಅಂತ ಶುರುವಾಗಿ, ಈ ರೆಪೊದಲ್ಲಿ ನನಗೆ ಗೊತ್ತಿಲ್ಲದ ಎಕ್ಸ್‌ಟೆನ್ಷನ್ ಇದೆ ಅಂತ ಹೇಳಿ ನಿಂತುಬಿಟ್ಟಿತು.

ಒಂದು ಕಮಿಟ್ (ದಾಖಲಾದ ಬದಲಾವಣೆ) ಕೂಡ ಕಳೆದುಹೋಗಿಲ್ಲ. ಒಂದು ಫೈಲ್ ಕೂಡ ಕೆಟ್ಟಿಲ್ಲ. ಆದರೂ ಹಳೆಯ ಗಿಟ್ ಬಳಸುವವರು ಈ ರೆಪೊದಲ್ಲಿ ಕೆಲಸ ಮಾಡುವ ಹಾಗಿಲ್ಲ. ಹೀಗೆ ಯಾಕಾಯಿತು ಅಂತ ಗೊತ್ತಾದರೆ, ಹೊಸ ಆವೃತ್ತಿ ಬಂದಾಗ ಆಗುವ ಅರ್ಧ ಗಾಬರಿ ತಾನಾಗಿಯೇ ಹೋಗುತ್ತದೆ.

ಗಿಟ್ ಅನ್ನುವ ಪ್ರೋಗ್ರಾಂ ಬೇರೆ. ಅದು ಡಿಸ್ಕ್ ಮೇಲೆ ಬರೆದಿಡುವ ರೆಪೊದ ಫಾರ್ಮ್ಯಾಟ್ ಬೇರೆ. ನಾವು ಎರಡನ್ನೂ ಸೇರಿಸಿ 'ಅಪ್‌ಗ್ರೇಡ್' ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ಪ್ರೋಗ್ರಾಂ ಹೊಸದು ಹಾಕಿಕೊಂಡ ಮಾತ್ರಕ್ಕೆ ನಿಮ್ಮ ರೆಪೊ ಬದಲಾಗುವುದಿಲ್ಲ. ಸರಿಹೋಗಲಿಲ್ಲ ಅಂದರೆ ಹಳೆಯ ಗಿಟ್ ವಾಪಸ್ ಹಾಕಿಕೊಂಡರಾಯಿತು. ಫಾರ್ಮ್ಯಾಟ್ ಬದಲಾಯಿಸಿದಿರೋ, ಆ ರೆಪೊ ಮುಟ್ಟುವ ಎಲ್ಲರಿಗೂ ಅದರ ಬಿಸಿ ತಟ್ಟುತ್ತದೆ.

ಪರದೆಯ ಮೇಲೆ: ಡಾಟ್ ಗಿಟ್ ಫೋಲ್ಡರಿನ ಕಾನ್ಫಿಗ್ ಫೈಲ್.

ಬನ್ನಿ, ರೆಪೊದ ಒಳಗೆ ಹೋಗೋಣ. ಡಾಟ್ ಗಿಟ್ ಫೋಲ್ಡರಿನಲ್ಲಿ ಕಾನ್ಫಿಗ್ ಅಂತ ಒಂದು ಫೈಲ್ ಇದೆ. ಅದರಲ್ಲಿ 'ರೆಪೊಸಿಟರಿ ಫಾರ್ಮ್ಯಾಟ್ ವರ್ಷನ್' ಅನ್ನುವ ಸಾಲು ಹುಡುಕಿ. ಹೆಚ್ಚಿನವರಿಗೆ ಅಲ್ಲಿ 0 ಕಾಣಿಸುತ್ತದೆ. ನಮ್ಮ ಈ ರೆಪೊದಲ್ಲಿ 1 ಇದೆ. ಕೆಳಗೆ 'ಎಕ್ಸ್‌ಟೆನ್ಷನ್ಸ್' ಅಂತ ಒಂದು ಭಾಗ, ಅದರಲ್ಲಿ 'ರೆಫ್ ಸ್ಟೋರೇಜ್ ಅಂದರೆ ರೆಫ್‌ಟೇಬಲ್' ಅಂತ ಬರೆದಿದೆ. ರೆಫ್‌ಟೇಬಲ್ ಅನ್ನುವುದು ಬ್ರಾಂಚ್ (ಕೆಲಸದ ಬೇರೆಬೇರೆ ಕವಲು) ಹೆಸರುಗಳನ್ನು ಇಡುವ ಹೊಸ ರೀತಿ.

ಆ 1ರ ಅರ್ಥ ಇಷ್ಟು: ಕೆಳಗಿನ ಎಕ್ಸ್‌ಟೆನ್ಷನ್‌ಗಳೆಲ್ಲ ನಿನಗೆ ಗೊತ್ತಿದ್ದರೆ ಮಾತ್ರ ಒಳಗೆ ಬಾ, ಒಂದು ಗೊತ್ತಿಲ್ಲದಿದ್ದರೂ ಮುಟ್ಟಬೇಡ. ಹಳೆಯ ಗಿಟ್ ಆ ಮಾತನ್ನು ಪಾಲಿಸಿತು. ನಾವು ಆಗ ನೋಡಿದ ಫೇಟಲ್ ಅದೇ. ಗೊತ್ತಿಲ್ಲದ ರೆಪೊದ ಮೇಲೆ ಹಳೆಯ ಪ್ರೋಗ್ರಾಂ ಏನೋ ಊಹಿಸಿಕೊಂಡು ಬರೆದಿದ್ದರೆ ನಿಜಕ್ಕೂ ಕೋಡ್ ಹಾಳಾಗುತ್ತಿತ್ತು. ಅದಕ್ಕೆ ಹೋಲಿಸಿದರೆ 'ಆಗಲ್ಲ' ಅಂತ ಮುಖದ ಮೇಲೆ ಹೇಳುವುದು ಎಷ್ಟೋ ಮೇಲು.

ಇನ್ನೂ ಒಂದು ತೋರಿಸಬೇಕು, ನನಗೆ ತುಂಬಾ ಇಷ್ಟವಾದದ್ದು. ಅದೇ ಡಾಟ್ ಗಿಟ್ ಒಳಗೆ ರೆಫ್ಸ್, ಅದರೊಳಗೆ ಹೆಡ್ಸ್. ಮಾಮೂಲಿ ರೆಪೊದಲ್ಲಿ ಹೆಡ್ಸ್ ಅನ್ನುವುದು ಫೋಲ್ಡರ್, ಬ್ರಾಂಚ್‌ಗಳು ಇರುವ ಜಾಗ. ಇಲ್ಲಿ ಅದು ಫೋಲ್ಡರ್ ಅಲ್ಲ, ಒಂದು ಪುಟ್ಟ ಫೈಲ್. ತೆರೆದರೆ ಒಂದೇ ಸಾಲು: ಈ ರೆಪೊ ರೆಫ್‌ಟೇಬಲ್ ಫಾರ್ಮ್ಯಾಟ್ ಬಳಸುತ್ತದೆ. ಹೆಡ್ ಫೈಲ್ ತೆರೆದರೆ 'ಡಾಟ್ ಇನ್‌ವ್ಯಾಲಿಡ್' ಅನ್ನುವ ಬ್ರಾಂಚ್ ಹೆಸರು. ಗಿಟ್‌ನಲ್ಲಿ ಬ್ರಾಂಚ್ ಹೆಸರು ಚುಕ್ಕೆಯಿಂದ ಶುರುವಾಗುವ ಹಾಗಿಲ್ಲ, ಅಂದರೆ ಇಂಥ ಬ್ರಾಂಚ್ ಇರಲು ಸಾಧ್ಯವೇ ಇಲ್ಲ. ಹಳೆಯ ಟೂಲ್ ಬಂದರೆ ಇದು ಗಿಟ್ ರೆಪೊ ಅಂತ ಗುರುತು ಸಿಗಬೇಕು, ಆದರೆ ತಪ್ಪಿಯೂ ಒಳಗೆ ಏನನ್ನೂ ಬರೆಯಬಾರದು. ಅದಕ್ಕೇ ಈ ಏರ್ಪಾಡು. ಹೊಸದು ಕಟ್ಟುವಾಗ ಹಳೆಯದನ್ನು ಇಷ್ಟು ನೆನಪಿಟ್ಟುಕೊಂಡವರಿಗೆ ನಾನಂತೂ ಮನಸಾರೆ ಕೈ ಮುಗಿಯುತ್ತೇನೆ.

ಪರದೆಯ ಮೇಲೆ: 'ರೆಫ್‌ಟೇಬಲ್'

ಸರಿ, ಈ ರೆಫ್‌ಟೇಬಲ್ ಯಾಕೆ ಬೇಕಾಯಿತು? ಹಳೆಯ ಪದ್ಧತಿಯಲ್ಲಿ ಒಂದೊಂದು ಬ್ರಾಂಚ್‌ಗೂ ಒಂದೊಂದು ಫೈಲ್. ಜಾಸ್ತಿಯಾದಾಗ ಎಲ್ಲವನ್ನೂ ಒಟ್ಟುಮಾಡಿ 'ಪ್ಯಾಕ್ಡ್ ರೆಫ್ಸ್' ಅನ್ನುವ ಒಂದೇ ಫೈಲಿಗೆ ತುಂಬುತ್ತಾರೆ. ಅದರಲ್ಲಿರುವ ಒಂದು ಬ್ರಾಂಚ್ ಅಳಿಸಬೇಕಾದರೂ ಇಡೀ ಫೈಲನ್ನು ಮತ್ತೆ ಬರೆಯಬೇಕು. ನೂರು ಬ್ರಾಂಚ್ ಇದ್ದರೆ ಲೆಕ್ಕಕ್ಕೇ ಇಲ್ಲ. ಲಕ್ಷಗಟ್ಟಲೆ ಇರುವ ರೆಪೊದಲ್ಲಿ ಅದೇ ದೊಡ್ಡ ಹೊರೆ. ಇನ್ನೊಂದು ತೊಂದರೆ ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ ಗೊತ್ತಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ ಲೆಕ್ಕ. ಒಬ್ಬರು 'ಲಾಗಿನ್' ಬ್ರಾಂಚನ್ನು ದೊಡ್ಡ ಅಕ್ಷರದಿಂದ ಶುರುಮಾಡಿ, ಇನ್ನೊಬ್ಬರು ಚಿಕ್ಕ ಅಕ್ಷರದಿಂದ ಶುರುಮಾಡಿದರೆ ಎರಡು ಬ್ರಾಂಚ್ ಒಂದೇ ಫೈಲಿಗೆ ಬಂದು ಬೀಳುತ್ತವೆ. ರೆಫ್‌ಟೇಬಲ್‌ನಲ್ಲಿ ಬ್ರಾಂಚ್ ಹೆಸರುಗಳು ಫೈಲ್ ಹೆಸರುಗಳೇ ಅಲ್ಲ, ಟೇಬಲ್ಲಿನ ಒಳಗಿನ ದಾಖಲೆಗಳು. ಹಾಗಾಗಿ ಈ ಜಗಳ ಹುಟ್ಟುವುದೇ ಇಲ್ಲ.

ಇದನ್ನು ಮೊದಲು ರೂಪಿಸಿದ್ದು ಗೂಗಲ್‌ನಲ್ಲಿದ್ದ ಶಾನ್ ಪಿಯರ್ಸ್, ಗಿಟ್‌ನ ಜಾವಾ ರೂಪವಾದ ಜೆಗಿಟ್‌ಗಾಗಿ. ನಾವು ದಿನಾ ಬಳಸುವ ಗಿಟ್‌ಗೆ ಅದು ಬಂದದ್ದು 2.45ರಲ್ಲಿ, 2024ರ ಏಪ್ರಿಲ್‌ನಲ್ಲಿ. ಅದರ ಮುಂದಿನ 2.46ರಲ್ಲಿ 'ಗಿಟ್ ರೆಫ್ಸ್ ಮೈಗ್ರೇಟ್' ಅನ್ನುವ ಕಮಾಂಡ್ ಕೊಟ್ಟರು. ಇರುವ ರೆಪೊವನ್ನು ರೆಫ್‌ಟೇಬಲ್‌ಗೆ ಒಯ್ಯಬಹುದು, ಬೇಡ ಅಂದರೆ ಹಳೆಯ ಪದ್ಧತಿಗೆ ವಾಪಸ್ ತರಬಹುದು. ನಿಜವಾಗಿ ಬದಲಾಯಿಸದೆ ಸುಮ್ನೆ ಪರೀಕ್ಷೆ ಮಾಡಿ ನೋಡುವ 'ಡ್ರೈ ರನ್' ಕೂಡ ಇದೆ. ವಾಪಸ್ ಬರುವ ದಾರಿ ಇದೆಯಲ್ಲ, ಅದಕ್ಕೇ ನನಗೆ ಈ ಬದಲಾವಣೆ ಬಗ್ಗೆ ಭಯವಿಲ್ಲ.

ಪರದೆಯ ಮೇಲೆ: ಒಂದರ ಕೆಳಗೊಂದು ಎರಡು ಕಮಿಟ್ ನಂಬರ್. ಮೇಲಿನದು 40 ಅಕ್ಷರ, ಕೆಳಗಿನದು 64.

ಇನ್ನೊಂದು ಬದಲಾವಣೆಗೆ ವಾಪಸ್ ದಾರಿ ಅಷ್ಟು ಸಲೀಸಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪ್ರತಿ ಕಮಿಟ್‌ಗೂ 40 ಅಕ್ಷರದ ಒಂದು ಉದ್ದದ ನಂಬರ್ ಇರುತ್ತದೆ, ನೋಡಿದ್ದೀರಲ್ವಾ? ಅದನ್ನು ಲೆಕ್ಕ ಹಾಕುವುದು ಶಾ-1 ಅನ್ನುವ ಪದ್ಧತಿ. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧಕರು ಸೇರಿ ಬೇರೆಬೇರೆ ವಿಷಯ ಇರುವ ಎರಡು ಪಿಡಿಎಫ್‌ಗಳಿಗೆ ಒಂದೇ ಶಾ-1 ಬರುವ ಹಾಗೆ ಮಾಡಿ ತೋರಿಸಿದರು. ಅದೇ ವರ್ಷ ಬಂದ ಗಿಟ್ 2.13 ಇಂಥ ದಾಳಿಯನ್ನು ಪತ್ತೆಹಚ್ಚುವ ಶಾ-1 ಬಳಸಲು ಶುರುಮಾಡಿತು. ಹಾಗಾಗಿ ಇವತ್ತೇ ನಿಮ್ಮ ರೆಪೊಗೆ ಅಪಾಯ ಇದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಬುನಾದಿ ಬದಲಾಗಬೇಕು ಅನ್ನುವುದು ಖಚಿತವಾಯಿತು. 2020ರ ಅಕ್ಟೋಬರ್‌ನಲ್ಲಿ ಬಂದ 2.29ರಲ್ಲಿ, 64 ಅಕ್ಷರದ ನಂಬರ್ ಕೊಡುವ ಶಾ-256 ಪದ್ಧತಿಯ ರೆಪೊಗಳನ್ನು ಪ್ರಯೋಗಕ್ಕೆ ಕೊಟ್ಟರು.

ತೊಡಕು ಎಲ್ಲಿದೆ ಅಂದರೆ, ಒಂದು ಕಮಿಟ್‌ನ ನಂಬರ್ ಲೆಕ್ಕ ಹಾಕುವಾಗ ಅದರ ಹಿಂದಿನ ಕಮಿಟ್‌ನ ನಂಬರ್ ಕೂಡ ಒಳಗೆ ಸೇರುತ್ತದೆ. ಸರಪಳಿ ಇದ್ದ ಹಾಗೆ. ಪದ್ಧತಿ ಬದಲಾದರೆ ಮೊದಲ ಕಮಿಟ್‌ನಿಂದ ಹಿಡಿದು ಕೊನೆಯದರವರೆಗೆ ಎಲ್ಲ ನಂಬರ್ ಬದಲು. ಬಗ್ ರಿಪೋರ್ಟ್‌ನಲ್ಲಿ 'ಈ ಕಮಿಟ್‌ನಲ್ಲಿ ಸರಿಪಡಿಸಿದ್ದೇವೆ' ಅಂತ ಬರೆದ ನಂಬರ್ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಕಮಿಟ್‌ಗೆ ಹಾಕಿದ ಡಿಜಿಟಲ್ ಸಹಿ ಹೊಂದುವುದಿಲ್ಲ. ಕಮಿಟ್ ನಂಬರ್ ಅಂದರೆ 40 ಅಕ್ಷರ ಅಂತ ನಂಬಿ ಡೇಟಾಬೇಸ್ ಕಾಲಂ ಮಾಡಿದವರು ಎಷ್ಟು ಜನ ಇಲ್ಲ? ಅಲ್ಲಿ 64 ಹಿಡಿಸುವುದೇ ಇಲ್ಲ. ಇನ್ನೂ ಮುಖ್ಯವಾದದ್ದು, ಶಾ-1 ರೆಪೊ ಮತ್ತು ಶಾ-256 ರೆಪೊ ನಡುವೆ ಮಾಮೂಲಿ ಪುಶ್ (ಕಮಿಟ್ ಕಳಿಸುವುದು), ಪುಲ್ (ಕಮಿಟ್ ತರುವುದು) ನಡೆಯುವುದಿಲ್ಲ.

ಗಿಟ್ 3.0ರಲ್ಲಿ ಏನೇನು ಬದಲಾಗಬೇಕು ಅಂತ ಗಿಟ್ ತಂಡ ಮುಂಚೆಯೇ ಒಂದು ಕಡತದಲ್ಲಿ ಬರೆದಿಟ್ಟಿದೆ. ಅದರ ಪ್ರಕಾರ ಹೊಸ ರೆಪೊಗಳಿಗೆ ಶಾ-256 ಮತ್ತು ರೆಫ್‌ಟೇಬಲ್ ತಾನಾಗಿಯೇ ಬರುತ್ತವೆ. ಮೊದಲ ಬ್ರಾಂಚಿನ ಹೆಸರು 'ಮಾಸ್ಟರ್' ಬದಲು 'ಮೇನ್' ಆಗುತ್ತದೆ. 'ಹೊಸ ರೆಪೊಗಳಿಗೆ' ಅನ್ನುವ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಹತ್ತು ವರ್ಷದ ಹಳೆಯ ರೆಪೊ ಹಾಗೆಯೇ ಇರುತ್ತದೆ. ತೊಂದರೆ ಬಂದರೆ ಬರುವುದು ಹೊಸ ಗಿಟ್‌ನಲ್ಲಿ 'ಗಿಟ್ ಇನಿಟ್' ಹೊಡೆದು ಹೊಸ ರೆಪೊ ಮಾಡಿ, ಶಾ-256 ಗೊತ್ತಿಲ್ಲದ ಸರ್ವರ್‌ಗೆ ಪುಶ್ ಮಾಡಲು ಹೋದವರಿಗೆ.

ಗಿಟ್ ಕಟ್ಟಲು ರಸ್ಟ್ ಭಾಷೆ ಕಡ್ಡಾಯ ಅನ್ನುವುದೂ ಆ ಯೋಜನೆಯಲ್ಲಿದೆ. ರೆಡಿ ಪ್ಯಾಕೇಜ್ ಇಳಿಸಿಕೊಳ್ಳುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೋರ್ಸ್‌ನಿಂದ ಕಂಪೈಲ್ ಮಾಡುವವರು ನೋಡಿಕೊಳ್ಳಬೇಕು.

ಪರದೆಯ ಮೇಲೆ: ಲ್ಯಾಪ್‌ಟಾಪ್ ಮತ್ತು ಸರ್ವರ್, ನಡುವೆ ಒಂದು ಗೆರೆ.

ಕ್ಲೈಂಟ್ ಹೊಸದು, ಸರ್ವರ್ ಹಳೆಯದು ಆದರೆ ಮಾತುಕತೆ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ರೆಪೊದ ಫಾರ್ಮ್ಯಾಟ್ ಒಂದೇ ಇದ್ದರೆ ಇಲ್ಲಿ ಚಿಂತೆ ಕಡಿಮೆ. ಹೊಸ ಕ್ಲೈಂಟ್ 'ನನಗೆ ಪ್ರೋಟೋಕಾಲ್ 2 ಬರುತ್ತದೆ' ಅಂತ ಒಂದು ಸೂಚನೆ ಕಳಿಸುತ್ತದೆ. ಹಳೆಯ ಸರ್ವರ್‌ಗೆ ಅದು ಅರ್ಥವಾಗುವುದಿಲ್ಲ. ಅದು ತನಗೆ ಗೊತ್ತಿರುವ ಹಳೆಯ ರೀತಿಯಲ್ಲೇ ಉತ್ತರ ಕೊಡುತ್ತದೆ. ಕ್ಲೈಂಟ್ ಅದಕ್ಕೆ ಹೊಂದಿಕೊಳ್ಳುತ್ತದೆ. ಪ್ರೋಟೋಕಾಲ್ 2 ಡಿಫಾಲ್ಟ್ ಆದದ್ದು 2020ರ ಮಾರ್ಚ್‌ನಲ್ಲಿ, 2.26ರಲ್ಲಿ. ಕೆಲವು ಕುಂದು ಕಂಡಿತು ಅಂತ 2.27ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಸರಿಪಡಿಸಿದ ಮೇಲೆ ಮತ್ತೆ ತಂದರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದೆಲ್ಲ ನಡೆದದ್ದು ಗೊತ್ತೇ ಆಗಲಿಲ್ಲ.

ಗೊತ್ತಾಗುವುದು ಕಮಾಂಡ್‌ನ ನಡತೆ ಬದಲಾದಾಗ. ಗಿಟ್ 2.0 ಬರುವ ಮುಂಚೆ ಬರೀ 'ಗಿಟ್ ಪುಶ್' ಅಂದರೆ ಎರಡೂ ಕಡೆ ಒಂದೇ ಹೆಸರಿರುವ ಎಲ್ಲ ಬ್ರಾಂಚ್‌ಗಳೂ ಹೋಗುತ್ತಿದ್ದವು. ಅರ್ಧ ಮುಗಿದ ಕೆಲಸವೂ ಜೊತೆಗೆ ಹೋಗಿಬಿಡುತ್ತಿತ್ತು. 2014ರ ಮೇನಲ್ಲಿ 2.0 ಬಂದ ಮೇಲೆ ನೀವಿರುವ ಬ್ರಾಂಚ್ ಮಾತ್ರ ಹೋಗುತ್ತದೆ. ಇದಕ್ಕೆ ಒಂದು ವರ್ಷಕ್ಕೂ ಮುಂಚಿನಿಂದ ಎಚ್ಚರಿಕೆ ಕೊಡುತ್ತಾ ಬಂದಿದ್ದರು. ಈಗ 3.0ಕ್ಕೆ 'ಗಿಟ್ ವಾಟ್‌ಚೇಂಜ್ಡ್' ಕಮಾಂಡ್ ತೆಗೆಯುವ ಯೋಜನೆ ಇದೆ. 2025ರ ಆಗಸ್ಟ್‌ನ 2.51ರಿಂದ ಅದನ್ನು ಓಡಿಸಬೇಕಾದರೆ 'ನಾನು ಇದನ್ನು ಇನ್ನೂ ಬಳಸುತ್ತೇನೆ' ಅನ್ನುವ ಅರ್ಥದ ಆಪ್ಷನ್ ಜೊತೆಗೆ ಹಾಕಬೇಕು. ಬಳಸುವವರು ಇದ್ದರೆ ನಮಗೆ ಮೇಲ್ ಮಾಡಿ ಅಂತ ಕೂಡ ಅದು ಕೇಳುತ್ತದೆ. ನಿಮ್ಮ ಯಾವುದಾದರೂ ಹಳೆಯ ಸ್ಕ್ರಿಪ್ಟ್‌ನಲ್ಲಿ ಆ ಕಮಾಂಡ್ ಇದ್ದರೆ 'ಗಿಟ್ ಲಾಗ್ ರಾ' ಮಾಡಿಕೊಳ್ಳಿ, ಹೆಚ್ಚುಕಮ್ಮಿ ಅದೇ ಕೆಲಸ.

ಪರದೆಯ ಮೇಲೆ: '2.35.1' ಅಳಿಸಿ '2.35.2' ಮೂಡುತ್ತದೆ.

ದೊಡ್ಡ ನಂಬರ್ ಬದಲಾದರೆ ಮಾತ್ರ ಹುಷಾರಾಗಿರಬೇಕು, ಕೊನೆಯ ಪುಟ್ಟ ನಂಬರ್ ಬದಲಾದರೆ ಕಣ್ಣು ಮುಚ್ಚಿ ಹಾಕಬಹುದು ಅನ್ನುವ ನಂಬಿಕೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. 2022ರ ಏಪ್ರಿಲ್‌ನಲ್ಲಿ 2.35.2 ಬಂತು, ಸೆಕ್ಯುರಿಟಿ ಫಿಕ್ಸ್. ಫೋಲ್ಡರಿನ ಮಾಲೀಕರು ಒಬ್ಬರು, ಗಿಟ್ ಓಡಿಸುವವರು ಇನ್ನೊಬ್ಬರು ಆಗಿದ್ದರೆ ಗಿಟ್ ಕೆಲಸ ಮಾಡಲು ಒಪ್ಪದ ಹಾಗೆ ಬದಲಾಯಿಸಿದರು. ಕಾರಣ ಸರಿಯಾಗಿಯೇ ಇತ್ತು. ಆದರೆ ಕಂಟೇನರ್ ಒಳಗೆ ರೂಟ್ ಆಗಿ ಗಿಟ್ ಓಡಿಸುತ್ತಿದ್ದ ಸಿಐ ಬಿಲ್ಡ್‌ಗಳು, ಅಂದರೆ ಕೋಡ್ ಬದಲಾದಾಗ ತಾನಾಗಿಯೇ ನಡೆಯುವ ಬಿಲ್ಡ್ ಮತ್ತು ಪರೀಕ್ಷೆಗಳು, ನಿಂತವು. ಈ ಫೋಲ್ಡರನ್ನು ನಂಬಬಹುದು ಅಂತ ಗಿಟ್‌ಗೆ ಹೇಳುವ 'ಸೇಫ್ ಡೈರೆಕ್ಟರಿ' ಸೆಟ್ಟಿಂಗ್ ಎಲ್ಲರಿಗೂ ಪರಿಚಯವಾದದ್ದು ಆಗಲೇ. ಇದನ್ನು ಹೇಳಿದೆ ಅಂತ ಸೆಕ್ಯುರಿಟಿ ಫಿಕ್ಸ್ ಮುಂದೂಡಬೇಡಿ. ಮೊದಲು ಒಂದು ಬಿಲ್ಡ್ ಮೆಷಿನ್‌ಗೆ ಹಾಕಿ, ಒಂದು ಸಲ ಓಡಿಸಿ, ಆಮೇಲೆ ಉಳಿದವಕ್ಕೆ ಹಾಕಿ.

ಗಿಟ್‌ನಂಥದೇ ಹಳೆಯ ಪ್ರೋಗ್ರಾಂ ಸಬ್‌ವರ್ಷನ್ ಬಳಸಿದವರಿಗೆ ಈ ಪಾಠ ಹೊಸದೇನಲ್ಲ. 1.7 ಬರುವ ಮುಂಚೆ ಹೊಸ ಕ್ಲೈಂಟ್ ಸುಮ್ನೆ ಮುಟ್ಟಿದರೂ ಸಾಕು, ವರ್ಕಿಂಗ್ ಕಾಪಿ ಕೇಳದೆಯೇ ಹೊಸ ಫಾರ್ಮ್ಯಾಟಿಗೆ ಹೋಗುತ್ತಿತ್ತು. ಅದೇ ಫೋಲ್ಡರನ್ನು ಎಡಿಟರ್ ಒಳಗಿನ ಹಳೆಯ ಕ್ಲೈಂಟ್ ತೆರೆದರೆ 'ನಾನು ತುಂಬಾ ಹಳಬ' ಅನ್ನುವ ಎರರ್. 2011ರ 1.7ರಿಂದ ಆ ಕೆಲಸಕ್ಕೆ 'ಎಸ್‌ವಿಎನ್ ಅಪ್‌ಗ್ರೇಡ್' ಅಂತ ನಾವೇ ಹೇಳಬೇಕಾಯಿತು.

ಎಡಿಟರ್ ಅಂದೆನಲ್ಲ, ಗಿಟ್‌ನಲ್ಲೂ ಅದೇ ಕಥೆ. ನಿಮ್ಮ ಎಡಿಟರ್, ಬಿಲ್ಡ್ ಟೂಲ್, ಬ್ಯಾಕಪ್ ಸ್ಕ್ರಿಪ್ಟ್ ಎಲ್ಲವೂ ಟರ್ಮಿನಲ್‌ನ ಗಿಟ್ಟನ್ನೇ ಕರೆಯುತ್ತವೆ ಅಂತ ಅಂದುಕೊಳ್ಳಬೇಡಿ. ಕೆಲವು ಲಿಬ್‌ಗಿಟ್2 ಅನ್ನುವ ಲೈಬ್ರರಿ ಬಳಸುತ್ತವೆ, ಕೆಲವು ಜೆಗಿಟ್. ಇವು ಬೇರೆಯವರು ಬೇರೆಯಾಗಿ ಬರೆದ ಕೋಡ್. ಹೊಸ ಫಾರ್ಮ್ಯಾಟನ್ನು ಅವು ಪ್ರತ್ಯೇಕವಾಗಿ ಕಲಿಯಬೇಕು. ಟರ್ಮಿನಲ್‌ನಲ್ಲಿ ಎಲ್ಲ ಸರಿ, ಎಡಿಟರ್‌ನಲ್ಲಿ ಮಾತ್ರ ಬ್ರಾಂಚ್ ಕಾಣುತ್ತಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪರದೆಯ ಮೇಲೆ: ಟರ್ಮಿನಲ್‌ನಲ್ಲಿ 'ಗಿಟ್ ವರ್ಷನ್'.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ತಂಡದ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ, ಸಿಐ ಮೆಷಿನ್‌ನಲ್ಲೂ, ಸರ್ವರ್‌ನಲ್ಲೂ 'ಗಿಟ್ ವರ್ಷನ್' ಹೊಡೆದು ಒಂದು ಕಡೆ ಬರೆದುಕೊಳ್ಳಿ. ಅದರಲ್ಲಿ ತೀರಾ ಚಿಕ್ಕ ನಂಬರ್ ಯಾವುದೋ, ರೆಪೊದ ಫಾರ್ಮ್ಯಾಟ್ ಅದಕ್ಕೆ ಅರ್ಥವಾಗುವಂತಿರಬೇಕು. ಅದು 2.45ಕ್ಕಿಂತ ಹಿಂದಿನದಾದರೆ ರೆಫ್‌ಟೇಬಲ್ ಸದ್ಯಕ್ಕೆ ಬೇಡ. 3.0 ಹಾಕಿಕೊಂಡ ಮೇಲೂ ಹೊಸ ರೆಪೊಗಳು ಹಳೆಯ ರೀತಿಯಲ್ಲೇ ಹುಟ್ಟಲಿ ಅಂದರೆ ಕಾನ್ಫಿಗ್‌ನಲ್ಲಿ ಎರಡು ಸಾಲು ಸಾಕು: 'ಇನಿಟ್ ಡಿಫಾಲ್ಟ್ ಆಬ್ಜೆಕ್ಟ್ ಫಾರ್ಮ್ಯಾಟ್' ಮುಂದೆ ಶಾ-1, 'ಇನಿಟ್ ಡಿಫಾಲ್ಟ್ ರೆಫ್ ಫಾರ್ಮ್ಯಾಟ್' ಮುಂದೆ ಫೈಲ್ಸ್. ಅದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಸಾಲದು. ಟೆಸ್ಟ್ ಓಡುವಾಗ ತಾತ್ಕಾಲಿಕ ರೆಪೊ ಮಾಡಿಕೊಳ್ಳುವ ಸಿಐ ಮೆಷಿನ್ ಇದೆಯಲ್ಲ, ಅಲ್ಲೂ ಹಾಕಿ.