ನಾವೇ ಬೇಡ ಅಂದ ಕಾಲೇಜಿಗೆ ಮತ್ತೆ ಅರ್ಜಿ

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಡಿಗ್ರಿ ಓದಲು ಹೋಗುವ ನಮ್ಮ ದಾವಣಗೆರೆ, ಚಿತ್ರದುರ್ಗದ ಮಕ್ಕಳ ಅರ್ಜಿಗಳನ್ನು ನಾನು ತಿದ್ದಿಕೊಡುತ್ತೇನೆ. ಇವತ್ತು ಒಂದೇ ಪ್ರಶ್ನೆ ಹಿಡಿದು ಬಂದಿದ್ದೇನೆ. ಪಿಯುಸಿ ಮುಗಿದಾಗ ಅಲ್ಲಿನ ಕಾಲೇಜು ಸೀಟು ಕೊಟ್ಟಿತ್ತು, ಮನೆಯ ಪರಿಸ್ಥಿತಿ ನೋಡಿ ಬೇಡ ಅಂದೆವು, ಇಲ್ಲೇ ಬಿ.ಇ. ಸೇರಿದೆವು. ಈಗ ಅದೇ ಕಾಲೇಜಿಗೆ ಮಧ್ಯದಲ್ಲಿ ವರ್ಗ ಆಗಿ ಹೋಗಬೇಕು. ಮತ್ತೆ ಅರ್ಜಿ ಹಾಕಬಹುದಾ?

ಹಾಕಬಹುದು. ಧಾರಾಳವಾಗಿ ಹಾಕಿ. ಒಮ್ಮೆ ಬೇಡ ಅಂದರೆ ಹೆಸರು ಕರಿಪಟ್ಟಿಗೆ ಹೋಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ನೆ ಕೂತ ಮಕ್ಕಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಸೀಟು ಸಿಕ್ಕವರೆಲ್ಲ ಬರುವುದಿಲ್ಲ ಅಂತ ಆ ಕಾಲೇಜುಗಳಿಗೆ ಮೊದಲೇ ಗೊತ್ತು. ಅದಕ್ಕೇ ಇರುವ ಜಾಗಕ್ಕಿಂತ ಜಾಸ್ತಿ ಜನಕ್ಕೆ ಸೀಟು ಕೊಟ್ಟಿರುತ್ತಾರೆ. ಅವರು ಈಗ ನೋಡುವುದು ನೀವು ಇಲ್ಲಿ ಹೇಗೆ ಓದಿದಿರಿ, ಈಗ ಯಾಕೆ ಬರುತ್ತೀರಿ, ಇಷ್ಟೇ.

ದಾವಣಗೆರೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮನೆಯವರದ್ದು ಮಂಡಕ್ಕಿ ಭಟ್ಟಿ. ಅಜ್ಜಿಗೆ ಕಾಯಿಲೆ ಜೋರಾಗಿ, ಸಿಕ್ಕ ಸೀಟು ಬಿಟ್ಟು ಇಲ್ಲೇ ಮೆಕ್ಯಾನಿಕಲ್ ಸೇರಿದ್ದಳು. 2 ವರ್ಷ ಆದ ಮೇಲೆ ಒಂದು ಸಂಜೆ ಅಪ್ಪನ ಜೊತೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅರ್ಜಿಯ ಜೊತೆ ಕಳಿಸಬೇಕಾದ 3 ಪುಟದ ಪ್ರಬಂಧ. ಅದರಲ್ಲಿ 2 ಪುಟ ಬರೀ ಕ್ಷಮೆ! ನಿಮ್ಮ ಸೀಟು ಬಿಟ್ಟಿದ್ದು ತಪ್ಪಾಯ್ತು, ದಯವಿಟ್ಟು ಕ್ಷಮಿಸಿ, ಇನ್ನೊಂದು ಅವಕಾಶ ಕೊಡಿ ಅಂತ. ಅಪ್ಪನದು ಇನ್ನೊಂದು ದಾರಿ. "ಮೇಷ್ಟ್ರೇ, ಹಳೇದೆಲ್ಲ ಯಾಕೆ? ಇಲ್ಲಿ ಓದಿದ್ದನ್ನೇ ಹೇಳೋದು ಬೇಡ, ಹೊಸಬಳ ಥರ ಹಾಕಿಬಿಡೋಣ" ಅಂದರು. ಅವತ್ತು ನಾನು ಸ್ವಲ್ಪ ದನಿ ಏರಿಸಿಯೇ ಮಾತಾಡಿದೆ. ಓದಿದ ಪ್ರತಿ ಕಾಲೇಜಿನ ಅಂಕಪಟ್ಟಿಯನ್ನೂ ಅವರು ಕೇಳುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಸೇರಿದ ಮೇಲೂ ಸೀಟು ರದ್ದು ಮಾಡಬಹುದು.

ಆಮೇಲೆ ಅವಳನ್ನು ಕೇಳಿದೆ, "ಇಲ್ಲಿ 2 ವರ್ಷ ಏನು ಮಾಡಿದೆ ಮಗಾ?" ಅಲ್ಲಿವರೆಗೆ ನೆಲ ನೋಡುತ್ತಿದ್ದವಳು ತಲೆ ಎತ್ತಿ ಶುರು ಮಾಡಿದಳು ನೋಡಿ. ಭಟ್ಟಿಯಲ್ಲಿ ಮರಳು ಕಾಯಿಸಲು ಎಷ್ಟು ಹೊಟ್ಟು ಸುಡುತ್ತಾರೆ, ಅದರ ಶಾಖ ಎಷ್ಟು ಗೋಡೆಗೆ ಹೋಗುತ್ತದೆ, ಎಷ್ಟು ಹೊಗೆಯ ಜೊತೆ ಹೋಗುತ್ತದೆ, ರಜೆಯಲ್ಲಿ ಕೂತು ಅಳೆದು ನೋಟ್‌ಬುಕ್ ತುಂಬಿಸಿದ್ದಳು! ಮುಂದಕ್ಕೆ ಓದಬೇಕು ಅಂದರೆ ಬೇಕಾದ ವಿಷಯ ಅವಳ ಕೋರ್ಸಿನಲ್ಲಿ ಇರಲಿಲ್ಲ, ಅಲ್ಲಿ ಇತ್ತು. ಪ್ರಬಂಧದಲ್ಲಿ ಇದರ ಒಂದು ಸಾಲೂ ಇಲ್ಲ, ನೀವೇ ಹೇಳಿ, ಹೊಟ್ಟೆ ಉರಿಯುವುದಿಲ್ವಾ? ಇದನ್ನೇ ಬರಿ ಅಂದೆ. ಹಳೆಯದಕ್ಕೆ ಎರಡೇ ವಾಕ್ಯ. ನೀವು ಸೀಟು ಕೊಟ್ಟಿದ್ದಿರಿ, ಅಜ್ಜಿಯ ಕಾಯಿಲೆಯಿಂದ ಬರಲಾಗಲಿಲ್ಲ. ಅಲ್ಲಿಗೆ ಮುಗಿಯಿತು.

ಅದೇ ಕಾಲೇಜು ಅವಳನ್ನು ತೆಗೆದುಕೊಂಡಿತು. ಆದರೆ ಮೊದಲು ಕೊಡುತ್ತೇವೆ ಅಂದಿದ್ದ ವಿದ್ಯಾರ್ಥಿವೇತನ ತಾನಾಗಿ ವಾಪಸ್ ಬರಲಿಲ್ಲ. ಹೊಸದಾಗಿ ಕೇಳಬೇಕಾಯಿತು, ಸಿಕ್ಕಿದ್ದೂ ಕಮ್ಮಿ. ಇಲ್ಲಿ 2 ವರ್ಷ ಓದಿದ್ದರೂ ಅಲ್ಲಿ 2ನೇ ವರ್ಷಕ್ಕೇ ಸೇರಬೇಕಾಯಿತು. ಅಪ್ಪ ನಮ್ಮ ಮನೆಯಲ್ಲೇ ಬಿಲ್ ಪುಸ್ತಕದ ಹಿಂದೆ ಸಾಲದ ಲೆಕ್ಕ ಹಾಕುತ್ತಾ ಕೂತರು. ಈ ಲೆಕ್ಕ ಅರ್ಜಿ ಹಾಕುವ ಮೊದಲೇ ಹಾಕಿ, ಅಪ್ಪ ಅಮ್ಮಂದಿರೇ.

ಸಮಯ ಹತ್ತಿರ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಕ್ರೆಡಿಟ್ ಅಂದರೆ ಪ್ರತಿ ವಿಷಯ ಪಾಸಾದಾಗ ಸಿಗುವ ಪಾಯಿಂಟು. ಇಲ್ಲಿ ಓದಿದ್ದರಲ್ಲಿ ಎಷ್ಟು ಒಪ್ಪುತ್ತಾರೆ ಅನ್ನುವುದನ್ನು ಸಿಲಬಸ್ ನೋಡಿ ತೀರ್ಮಾನಿಸುತ್ತಾರೆ, ಹಾಗಾಗಿ ಪ್ರತಿ ವಿಷಯದ ಸಿಲಬಸ್ಸಿಗೂ ಕಾಲೇಜಿನ ಸೀಲು ಹಾಕಿಸಿ ಇಟ್ಟುಕೊಳ್ಳಿ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್ ಕಾಮನ್ ಆ್ಯಪ್‌ನಲ್ಲಿ ವರ್ಗಾವಣೆಗೆ ಬೇರೆಯೇ ಅರ್ಜಿ ಇದೆ, ಪಿಯುಸಿ ಆದಾಗ ತುಂಬಿದ್ದನ್ನೇ ಮತ್ತೆ ತುಂಬಬೇಡಿ. ಆಗಸ್ಟಿನಲ್ಲಿ ಸೇರಲು ಎಷ್ಟೋ ಕಡೆ ಮಾರ್ಚಿಗೇ ಗಡುವು. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನ ಅಂಕ 2 ವರ್ಷ ಮಾತ್ರ ನಡೆಯುತ್ತದೆ, ಹಳೆಯದು ಇದ್ದರೆ ತಾರೀಖು ನೋಡಿ. ಮತ್ತೆ ಹೇಳುತ್ತೇನೆ, ಹಳೆಯ 'ಬೇಡ'ಕ್ಕೆ ಹೆದರಬೇಡಿ, ಈಗಿನ ಓದು ತೋರಿಸಿ.

ಹಾಂ, ಟಿಸಿ. ಅಲ್ಲಿಂದ ಐ-20, ಅಂದರೆ ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ, ಬಂದು ವೀಸಾ ಕೈಗೆ ಸಿಗುವವರೆಗೂ ಇಲ್ಲಿನ ಕಾಲೇಜಿನಿಂದ ಟಿಸಿ ತೆಗೆಯಬೇಡಿ. ಪರೀಕ್ಷೆ ಫೀಸು ಕಟ್ಟಿ, ಪರೀಕ್ಷೆ ಬರೆಯಿರಿ. ಈ ಸೆಮಿಸ್ಟರಿನ ಅಂಕವನ್ನೂ ಅವರು ಕೇಳುತ್ತಾರೆ. ನಮಸ್ಕಾರ.