ಒಂದು ಮಾದರಿ ರೈಲು ಇಂಜಿನ್ನಿನ ಡಿಕೋಡರ್ ಇನ್ನೊಂದಕ್ಕೆ: ಸುಡದ ಹಾಗೆ ಹಾಕೋದು ಹೇಗೆ?

[ದೃಶ್ಯ: ಮೇಜಿನ ಮೇಲೆ ಬಾಡಿ ಬಿಚ್ಚಿದ ಎರಡು ಎಚ್‌ಓ ಅಳತೆಯ ಮಾದರಿ ರೈಲು ಇಂಜಿನ್‌ಗಳು. ಕೈಯಲ್ಲಿ ಸುಟ್ಟ ಡಿಕೋಡರ್.]

ನಮಸ್ಕಾರ. ಈ ಕಪ್ಪು ಚುಕ್ಕೆ ಕಾಣಿಸ್ತಿದೆ ಅಲ್ವಾ? ಹಳಿಗೆ ಕರೆಂಟ್ ಕೊಟ್ಟ ತಕ್ಷಣ ಚಿಟ್ ಅಂದಿತು, ಅಷ್ಟೇ. ಮೀಟರ್ ಹಿಡಿದು ನೋಡದೆ ಹಳೇ ಇಂಜಿನ್ನಿಗೆ ಕೂರಿಸಿದ್ದೆ.

ಡಿಸಿಸಿ ಅಂದರೆ ಡಿಜಿಟಲ್ ಸಂಕೇತದಿಂದ ಇಂಜಿನ್ ನಡೆಸೋ ಪದ್ಧತಿ. ಅದರ ಹಳಿಯಲ್ಲಿ ಕರೆಂಟ್ ಸದಾ ಇರುತ್ತದೆ. ಮೋಟಾರಿಗೆ ಎಷ್ಟು ಬಿಡಬೇಕು ಅಂತ ನೋಡಿಕೊಳ್ಳೋದು ಇಂಜಿನ್ನಿನೊಳಗಿನ ಈ ಪುಟ್ಟ ಸರ್ಕ್ಯೂಟ್, ಡಿಕೋಡರ್. ಆದರೆ ಹಳಿಯ ಕರೆಂಟ್ ನೇರ ಮೋಟಾರಿಗೆ ಹೋಗೋ ಹಳೇ ಡಿಸಿ ಇಂಜಿನ್‌ಗಳು ಎಷ್ಟೋ ಇವೆ, ಅವುಗಳಲ್ಲಿ ಮೋಟಾರಿಗೆ ಕರೆಂಟ್ ಮುಟ್ಟಿಸೋ ಎರಡು ಬ್ರಷ್‌ಗಳಲ್ಲಿ ಒಂದು ಲೋಹದ ಚಾಸಿಗೇ ತಾಗಿರುತ್ತದೆ. ಆ ಚಾಸಿಗೆ ಒಂದು ಹಳಿಯ ಸಂಪರ್ಕ. ಡಿಸಿಯಲ್ಲಿ ಏನೂ ತೊಂದರೆಯಿಲ್ಲ. ಡಿಕೋಡರ್ ಹಾಕಿದರೆ ಮಾತ್ರ ಹಳಿಯ ಕರೆಂಟ್ ಅದರ ಮೋಟಾರ್ ವೈರಿಗೇ ನುಗ್ಗುತ್ತದೆ.

[ಕ್ಲೋಸಪ್: ಬ್ರಷ್ ಮೇಲೆ ಮೀಟರಿನ ಒಂದು ಕಡ್ಡಿ, ಚಕ್ರದ ಮೇಲೆ ಇನ್ನೊಂದು]

ಇಂಜಿನ್ ಹಳಿಯಿಂದ ಇಳಿಸಿ. ಡಿಕೋಡರ್ ಇನ್ನೂ ಹಾಕಬೇಡಿ. ಡಿಸಿಗೆ ಹಾಕಿದ್ದ ವೈರ್ ಅಥವಾ ಡಮ್ಮಿ ಪ್ಲಗ್ (ಡಿಕೋಡರ್ ಜಾಗದಲ್ಲಿ ಹಳಿಯನ್ನು ನೇರ ಮೋಟಾರಿಗೆ ಜೋಡಿಸೋ ಪ್ಲಗ್) ಇದ್ದರೆ ತೆಗೆಯಿರಿ. ಮೀಟರನ್ನು ಬೀಪ್‌ಗೆ ತಿರುಗಿಸಿ. ಎರಡೂ ಬ್ರಷ್‌ಗಳಿಂದ ಎಡಗಡೆ ಚಕ್ರಕ್ಕೆ, ಬಲಗಡೆ ಚಕ್ರಕ್ಕೆ, ಚಾಸಿಗೆ ಹಿಡಿದು ನೋಡಿ. ಒಂದು ಸಲ ಬೀಪ್ ಬಂದರೂ ಅಲ್ಲಿಗೆ ನಿಲ್ಲಿಸಿ. ಮೊದಲು ಆ ಬ್ರಷ್ಷನ್ನು ಚಾಸಿಯಿಂದ ಬೇರೆ ಮಾಡಿ.

ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತೆ ಅಂತಲೂ ನೋಡಬೇಕು. 12 ವೋಲ್ಟ್ ಡಿಸಿ ಕೊಟ್ಟು, ನಡುವೆ ಆಂಪ್ ಮೀಟರ್ ಸೇರಿಸಿ, ಮೋಟಾರನ್ನು ಒಂದು ಕ್ಷಣ ತಿರುಗದ ಹಾಗೆ ಹಿಡಿಯಿರಿ. ಸಾಮಾನ್ಯ ಎಚ್‌ಓ ಡಿಕೋಡರ್ ತಡೆಯೋದು ಸುಮಾರು 1 ಆಂಪ್. ಹಳೇ ದಪ್ಪ ಮೋಟಾರು ಅದನ್ನು ಸುಲಭವಾಗಿ ದಾಟುತ್ತದೆ.

[ದೃಶ್ಯ: 8 ಪಿನ್ ಪ್ಲಗ್]

ಈಗ ಮೊದಲ ಇಂಜಿನ್ನಿನಿಂದ ಡಿಕೋಡರ್ ತೆಗೆಯೋಣ. ವೈರ್ ಹಿಡಿದು ಎಳೆಯಬೇಡಿ, ಪ್ಲಗ್ಗನ್ನೇ ಹಿಡಿಯಿರಿ. ಕಿತ್ತಳೆ ವೈರ್ ಇರೋದು ಒಂದನೇ ಪಿನ್. ಈ ಪ್ಲಗ್ ರೂಪಿಸಿದವರು ಜಾಣರು: ತಿರುಗಾಮುರುಗ ಹಾಕಿದರೂ ಮೋಟಾರ್ ವೈರ್ ಮೋಟಾರಿಗೇ, ಹಳಿಯ ವೈರ್ ಹಳಿಗೇ ಹೋಗುತ್ತದೆ. ಲೈಟ್ ಮಾತ್ರ ಹತ್ತುವುದಿಲ್ಲ. ಪ್ಲಗ್ ಇಲ್ಲದಿದ್ದರೆ ಬೆಸುಗೆ ಹಾಕಬೇಕು. ಕೆಂಪು, ಕಪ್ಪು ಹಳಿಗೆ. ಕಿತ್ತಳೆ, ಬೂದು ಮೋಟಾರಿಗೆ. ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನದಕ್ಕೆ, ನೀಲಿ ಎರಡಕ್ಕೂ ಸೇರಿ. ಎಲ್‌ಇಡಿ ಇದ್ದರೆ 1 ಕಿಲೋ ಓಮ್ ರೆಸಿಸ್ಟರ್ ಮರೆಯಬೇಡಿ. ಡಿಕೋಡರ್ ಸುತ್ತ ಕರಿ ಇನ್ಸುಲೇಷನ್ ಟೇಪ್ ಬೇಡ. ಬಿಸಿಗೆ ಅದರ ಅಂಟು ಕರಗಿ ಒಂದು ರಾಡಿ. ಬಿಸಿ ತಡೆಯೋ ಕ್ಯಾಪ್ಟಾನ್ (Kapton) ಟೇಪ್ ಸಾಕು.

ಸೌಂಡ್ ಡಿಕೋಡರ್ ಆದರೆ ಒಂದು ತಮಾಷೆ ಇದೆ. ಅಮೆರಿಕದ ಆಲ್ಕೋ ಸಿ630 ಇಂಜಿನ್ನಿನ ಸದ್ದು ನಮ್ಮ ರೈಲ್ವೆಯ ಡೀಸೆಲ್ ಇಂಜಿನ್ ಡಬ್ಲ್ಯೂಡಿಎಂ-3ಎ ಮಾದರಿಗೂ ಚೆನ್ನಾಗಿ ಒಪ್ಪುತ್ತದೆ. ಎರಡರ ಹೊಟ್ಟೆಯಲ್ಲೂ ಇರೋದು 16 ಸಿಲಿಂಡರಿನ ಆಲ್ಕೋ 251! ಹಾರ್ನ್ ಮಾತ್ರ ಬೇರೆ.

ಡಿಕೋಡರ್ ತೆಗೆದ ಇಂಜಿನ್ ಇನ್ನು ಡಿಸಿಯಲ್ಲಿ ಓಡಬೇಕಾದರೆ ಖಾಲಿ ಸಾಕೆಟ್ಟಿಗೆ ಡಮ್ಮಿ ಪ್ಲಗ್ ಹಾಕಿ. ಇಲ್ಲದಿದ್ದರೆ ಅದು ಅಲುಗುವುದೂ ಇಲ್ಲ.

[ದೃಶ್ಯ: ಪ್ರೋಗ್ರಾಮಿಂಗ್ ಟ್ರ್ಯಾಕ್ ಮೇಲೆ ಇಂಜಿನ್]

ನೇರವಾಗಿ ದೊಡ್ಡ ಲೇಔಟ್ ಮೇಲೆ ಇಡಬೇಡಿ. ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿ, ಅಂದರೆ ಡಿಕೋಡರ್ ಸೆಟ್ಟಿಂಗ್ ಓದೋಕೆ, ಬರೆಯೋಕೆ ಇರೋ ಬೇರೆ ಹಳಿಯಲ್ಲಿ, ಕರೆಂಟ್ ಕಡಿಮೆ, ಹಾಗಾಗಿ ವೈರಿಂಗ್ ತಪ್ಪಿದ್ದರೂ ಡಿಕೋಡರ್ ಬಹುತೇಕ ಉಳಿಯುತ್ತದೆ. ಮೊದಲಿದ್ದ ಇಂಜಿನ್ನಿನ ನಂಬರ್ ಇನ್ನೂ ಈ ಡಿಕೋಡರಿನಲ್ಲೇ ಕೂತಿದೆ, ಓದಿಸೋಣ. ನೋಡಿ, ಇಂಜಿನ್ ಒಂಚೂರು ಮಿಸುಕಿತು. ಡಿಕೋಡರ್ ಉತ್ತರ ಕೊಡೋದೇ ಹಾಗೆ.