ಜ್ವಾಲಾಮುಖಿಯ ಪಾದರಸ, ನಮ್ಮ ಕೆರೆಯ ಹೂಳು

ನಮಸ್ಕಾರ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯಿಂದ ಕೇಳುತ್ತಿರುವ ಎಲ್ಲರಿಗೂ.

ಕಲ್ಲಿದ್ದಲಿನ ಹೊಗೆಯಲ್ಲಿ ಪಾದರಸ ಇರುತ್ತದೆ ಅಂದರೆ ಸಾಕು, ಒಂದು ಉತ್ತರ ತಯಾರಿರುತ್ತದೆ. "ಜ್ವಾಲಾಮುಖಿಯಿಂದಲೂ ಬರುತ್ತದಲ್ಲ, ಅದನ್ನು ಯಾರು ತಡೆಯುತ್ತಾರೆ?" ಜ್ವಾಲಾಮುಖಿಯಿಂದ ಬರುವುದು ನಿಜ. ಆದರೆ ಅದನ್ನೇ ನೆಪ ಮಾಡಿಕೊಂಡು ಸುಮ್ನೆ ಕೂರುವುದು ತಪ್ಪು.

ನಾವು ಬದುಕುತ್ತಿರುವುದೇ ಲಾವಾ ಕಲ್ಲಿನ ಮೇಲೆ. ನಮ್ಮ ಎರೆ ಹೊಲದ ಕೆಳಗಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದದ್ದು. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಅದೇ ಕಾಲದ ಕೆಸರಿನ ಪದರಗಳಲ್ಲಿ, ಇಲ್ಲಿಂದ ಬಹಳ ದೂರದ ದೇಶಗಳಲ್ಲೂ, ಪಾದರಸ ಜಾಸ್ತಿ ಸಿಕ್ಕಿದೆ. ಅಷ್ಟು ದೂರ ಹೇಗೆ ಹೋಯಿತು? ಜ್ವಾಲಾಮುಖಿಯ ಪಾದರಸ ಹೆಚ್ಚಾಗಿ ಅನಿಲವಾಗಿ ಹೊರಬರುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲೇ ಇದ್ದು ಭೂಮಿಯನ್ನು ಸುತ್ತುತ್ತದೆ. ಆಮೇಲೆ ಮಳೆಯ ಜೊತೆ, ಧೂಳಿನ ಜೊತೆ ಕೆಳಗಿಳಿಯುತ್ತದೆ. ಕೆರೆ ಸೇರಿದರೆ ಕೊಳೆತ ಪಾಚಿ, ಎಲೆಗಳ ಚೂರಿಗೆ ಅಂಟಿಕೊಂಡು ತಳ ಸೇರುತ್ತದೆ.

ಹಾಗಂತ ಹೂಳಿನಲ್ಲಿ ಪಾದರಸ ಏರಿದ್ದಕ್ಕೆಲ್ಲ ಜ್ವಾಲಾಮುಖಿಯೇ ಕಾರಣ ಅನ್ನುವಂತಿಲ್ಲ. ಆ ವರ್ಷ ಪಾಚಿ ಜಾಸ್ತಿ ಬೆಳೆದಿದ್ದರೂ ಏರುತ್ತದೆ. ದಂಡೆಯ ಮಣ್ಣು ಕೊಚ್ಚಿ ಬಂದರೂ ಏರುತ್ತದೆ. ಅದಕ್ಕೇ, ಪಾದರಸ ಎಲ್ಲಿಂದ ಬಂತು ಅಂತ ತಿಳಿಯಲು, ವಿಜ್ಞಾನಿಗಳು ಪಾದರಸವನ್ನು ಹೂಳಿನಲ್ಲಿರುವ ಸಾವಯವ ಇಂಗಾಲಕ್ಕೆ, ಅಂದರೆ ಪಾಚಿ, ಎಲೆ ಕೊಳೆತು ಉಳಿದ ಇಂಗಾಲಕ್ಕೆ, ಹೋಲಿಸಿ ನೋಡುತ್ತಾರೆ, ಪಾದರಸದ ಐಸೋಟೋಪ್‌ಗಳನ್ನೂ, ಅಂದರೆ ತೂಕದಲ್ಲಿ ತುಸು ಬೇರೆಬೇರೆಯಾದ ಪಾದರಸದ ಪರಮಾಣುಗಳನ್ನೂ, ಅಳೆಯುತ್ತಾರೆ.

ಮನುಷ್ಯರ ಪಾಲೆಷ್ಟು, ಜ್ವಾಲಾಮುಖಿಯ ಪಾಲೆಷ್ಟು? ಅಮೆರಿಕದ ವಯೋಮಿಂಗ್‌ನ ಒಂದು ಹಿಮನದಿಯ ಮಂಜುಗಡ್ಡೆಯಲ್ಲಿ ಸುಮಾರು 270 ವರ್ಷಗಳ ಪಾದರಸವನ್ನು ಅಳೆದಿದ್ದಾರೆ. 1815ರ ತಂಬೋರಾ, 1883ರ ಕ್ರಕಟೋವ, 1980ರ ಸೇಂಟ್ ಹೆಲೆನ್ಸ್, ಈ ಮೂರು ಜ್ವಾಲಾಮುಖಿ ಸ್ಫೋಟಗಳೂ ಅದರಲ್ಲಿ ಕಾಣುತ್ತವೆ ಅಂತ 2002ರಲ್ಲಿ ಅವರು ಹೇಳಿದ್ದರು, ಆಮೇಲಿನ ಮರುಪರಿಶೀಲನೆಯಲ್ಲಿ ಆ ಪದರಗಳ ವಯಸ್ಸಿನ ಲೆಕ್ಕ ಬದಲಾಗಿದೆ. ಅವರ ಆಗಿನ ಲೆಕ್ಕದಲ್ಲೇ, ಅಲ್ಲಿ ಬಿದ್ದ ಒಟ್ಟು ಪಾದರಸದಲ್ಲಿ ಜ್ವಾಲಾಮುಖಿಗಳದ್ದು ಶೇಕಡಾ 6, ಮನುಷ್ಯರದ್ದು ಶೇಕಡಾ 52. ಜ್ವಾಲಾಮುಖಿಯ ಏರಿಕೆ ಕೆಲವೇ ವರ್ಷಗಳಲ್ಲಿ ಇಳಿದುಬಿಡುತ್ತದೆ. ನಮ್ಮದು ಹಾಗಲ್ಲ, ವರ್ಷವರ್ಷವೂ ಬೀಳುತ್ತಲೇ ಇರುತ್ತದೆ. ಕಾರ್ಖಾನೆಗಳೇ ಇಲ್ಲದ ದೂರದ ಕೆರೆಗಳ ಹೂಳಿನಲ್ಲೂ ಕೈಗಾರಿಕೆಗಳು ಬಂದ ಮೇಲೆ ಪಾದರಸ ಸುಮಾರು ಮೂರು ಪಟ್ಟಾಗಿದೆ. 2015ರಲ್ಲಿ ಮನುಷ್ಯರಿಂದ ಗಾಳಿಗೆ ಸೇರಿದ್ದು ಸುಮಾರು 2,220 ಟನ್ ಅಂತ ವಿಶ್ವಸಂಸ್ಥೆಯ ಲೆಕ್ಕ. ದೊಡ್ಡ ಪಾಲು ಚಿನ್ನದ ಸಣ್ಣ ಗಣಿಗಳದ್ದು, ನಂತರದ್ದು ಕಲ್ಲಿದ್ದಲು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಸೊಲ್ಲಾಪುರದ ಪಕ್ಕದ ಏಕ್ರುಖ್ ಕೆರೆ, ನಾವು ಹಿಪ್ಪರಗಾ ಕೆರೆ ಅನ್ನುತ್ತೇವಲ್ಲ, ಅದನ್ನು ಕಟ್ಟಿ ಮುಗಿಸಿದ್ದು 1871ರಲ್ಲಿ. ಕ್ರಕಟೋವ ಸಿಡಿದಾಗ ಅದರಲ್ಲಿ ನೀರಿತ್ತು. ಸೊಲ್ಲಾಪುರದ ಗಿರಣಿಗಳ ಕಾಲ, ಈಗಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಾಲ, ಎಲ್ಲವೂ ಆ ಕೆರೆ ಹುಟ್ಟಿದ ಮೇಲಿನದು. ಹೂಳಿನ ಪದರಗಳ ವಯಸ್ಸು ತಿಳಿಯಲು ಸೀಸ-210 ಅನ್ನುವ ವಿಧಾನವಿದೆ, ಕಾಲ ಕಳೆದಂತೆ ತಾನೇ ಕಡಿಮೆಯಾಗುವ ಒಂದು ವಿಕಿರಣಶೀಲ ಸೀಸವನ್ನು ಅಳೆಯುವುದು. ಅದು ಸುಮಾರು 150 ವರ್ಷಗಳವರೆಗೆ ನಡೆಯುತ್ತದೆ. ಈ ಕೆರೆಗೆ ಹೇಳಿ ಮಾಡಿಸಿದಂತಿದೆ, ಅಲ್ವಾ?

ಆದರೆ ಮಹಾರಾಷ್ಟ್ರದಲ್ಲಿ ಕೆರೆಗಳ ಹೂಳು ತೆಗೆದು ಹೊಲಕ್ಕೆ ಹಾಕುವ ಯೋಜನೆ 2017ರಲ್ಲಿ ಶುರುವಾಗಿದೆ. ಹೂಳು ತೆಗೆದರೆ ಪದರಗಳಲ್ಲಿ ಉಳಿದಿರುವ ಪಾದರಸದ ಈ ಲೆಕ್ಕವೂ ಅಳಿಸಿಹೋಗುತ್ತದೆ. ಆದರೂ ಹೂಳೆತ್ತುವುದು ಒಳ್ಳೆಯ ಕೆಲಸ, ನಿಲ್ಲಿಸಿ ಅನ್ನುವುದಿಲ್ಲ. ಕೆರೆಯಲ್ಲಿ ನೀರು ನಿಲ್ಲಬೇಕು, ಹೊಲಕ್ಕೆ ಮಣ್ಣು ಬೇಕು. ನನ್ನ ಬೇಡಿಕೆ ಇಷ್ಟೇ. ಯಾವುದೇ ಹಳೆಯ ಕೆರೆಗೆ ಜೆಸಿಬಿ ಇಳಿಸುವ ಮೊದಲು, ಬೇಸಿಗೆಯಲ್ಲೂ ಆರದ ಆಳದ ಜಾಗದಲ್ಲಿ ಒಂದು ಕೊಳವೆ ಇಳಿಸಿ, ಪದರ ಕದಡದಂತೆ ಹೂಳಿನ ಮಾದರಿ ತೆಗೆಯಿರಿ. ಪಾದರಸವನ್ನು ಪದರ ಪದರವಾಗಿ ಅಳೆಯಿರಿ. ಜೊತೆಗೆ ಆ ಕೆರೆಯ ಮೀನನ್ನೂ ಪರೀಕ್ಷಿಸಿ. ಯಾಕೆಂದರೆ ಕೆಸರಿನ ಬ್ಯಾಕ್ಟೀರಿಯಾ ಪಾದರಸವನ್ನು ಮೀಥೈಲ್ ಪಾದರಸ ಅನ್ನುವ ವಿಷವಾಗಿ ಬದಲಾಯಿಸುತ್ತವೆ. ಅದು ಮೀನಿನ ಮೂಲಕ ಊಟದ ತಟ್ಟೆಗೆ ಬರುತ್ತದೆ, ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೂ ಹಾನಿ ಮಾಡುತ್ತದೆ. ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಮರಾಠಿಯಲ್ಲೂ ಕನ್ನಡದಲ್ಲೂ ಹಚ್ಚಿ. ನಿಮ್ಮೂರಿನ ಕೆರೆಗೆ ಈ ವರ್ಷ ಹೂಳೆತ್ತುವ ಕೆಲಸ ಬಂದರೆ, ಗ್ರಾಮಸಭೆಯಲ್ಲಿ ಎದ್ದು ಇದನ್ನು ಕೇಳಿರಿ.